ಚಿಗಟೇರಿ ಗಿರಣಿಯವರ ಹಾಡುಗಳು

ಮದುವೆಯಾಗಿ ಕೊಟ್ಟೂರಿನಿಂದ ಹರಪನಹಳ್ಳಿಗೆ ಬಂದ ಮೊದಲ ಆರು ತಿಂಗಳು ನಮ್ಮ ಮಾವನವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ‘ಚಾ ಆತೇನವ್ವ’, ಊಟಕ್ಕೆ ಕೂತಾಗ ‘ಸಾಕು’, ಹೊರಗೆ ಹೊರಟಾಗ ‘ಬಾಗ್ಲ ಹಾಕ್ಕೋ’. ಸಿಟ್ಟಿನ ಮನುಷ್ಯರಲ್ಲ. ದಿನವಿಡೀ ಅಂಗಡಿಯಲ್ಲಿ ಹಾಡು ಕೇಳಿ ಕೇಳಿ ಮನೆಗೆ ಬರುವಷ್ಟರಲ್ಲಿ ಅವರ ಕಿವಿಗೆ ಸುಮ್ಮನಿರುವುದು ಬೇಕಾಗುತ್ತಿತ್ತು ಅಂತ ಅತ್ತೆ ಹೇಳುತ್ತಿದ್ದರು. ನನಗೆ ಅದು ಗೊತ್ತಿರಲಿಲ್ಲ. ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ರೊಟ್ಟಿ ತಟ್ಟುವಾಗೆಲ್ಲ ಯೋಚಿಸುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಕ್ಯಾಸೆಟ್ ಅಂಗಡಿ. ಹೆಸರಿಗೆ ಮಾರಾಟದ ಅಂಗಡಿ, ಆದರೆ ತೊಂಬತ್ತರ ದಶಕದಲ್ಲಿ ಅಲ್ಲಿ ನಿಜವಾಗಿ ನಡೆಯುತ್ತಿದ್ದದ್ದು ಹಾಡು ತುಂಬಿಸುವ ಕೆಲಸ. ಸುತ್ತಲಿನ ಹಳ್ಳಿಯವರು, ಬೇರೆ ಊರಿನಿಂದ ವರ್ಗವಾಗಿ ಬಂದ ನೌಕರರು ತಮಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಹೋಗುವರು. ಎರಡು ದಿನದಲ್ಲಿ ಮಾವ ತುಂಬಿಸಿ ಇಡುವರು. ಮೊದಲು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಆಮೇಲೆ ದಾವಣಗೆರೆಯಿಂದ ಸಿಡಿ ತಂದು ಸಿಡಿಯಿಂದ ಕ್ಯಾಸೆಟ್ಟಿಗೆ. ನಾನು ಬರುವ ಹೊತ್ತಿಗೆ ಅಂಗಡಿಯ ಮೂರು ಗೋಡೆಯ ತುಂಬ ಸಿಡಿಗಳಿದ್ದವು, ಕೇಳುವವರು ಮಾತ್ರ ಬೇರೆ ಏನನ್ನೋ ಕೇಳತೊಡಗಿದ್ದರು. ಎರಡು ಸಾವಿರದ ನಾಲ್ಕನೇ ಇಸವಿ. ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು ಹಿಡಿಸುವ ಎಂಪಿತ್ರೀ ನಮ್ಮ ಊರಿಗೂ ಬಂದಿತ್ತು.

ನಮ್ಮ ಮನೆಯವರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ಅವರೇ ಒಂದು ಕಂಪ್ಯೂಟರ್ ತಂದು ಅಂಗಡಿಯಲ್ಲಿಟ್ಟರು. ಮಾವ ಅದರ ಮೇಲೆ ಒಂದು ಟವೆಲ್ ಹೊದಿಸಿ, ದಿನಾ ಬೆಳಿಗ್ಗೆ ಅದಕ್ಕೂ ಊದುಬತ್ತಿ ಬೆಳಗಿ, ಮುಟ್ಟದೆ ಬಿಟ್ಟಿದ್ದರು. ಮನೆಯಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದವಳು ನಾನೊಬ್ಬಳೇ. ಒಂದು ದಿನ ಅತ್ತೆಯೇ ಹೇಳಿದರು:

“ಮನ್ಯಾಗ ಕುಂತು ಏನ್ ಮಾಡ್ತಿ? ಅಂಗಡಿಗೆ ಹೋಗು. ಆ ಡಬ್ಬಿ ಹೆಂಗ್ ನಡಸ್ತಾರ ಅಂತ ಅವರಿಗೆ ತಿಳಿಯಂಗಿಲ್ಲ. ಸೊಸೀನ ಕೇಳಾಕ ನಾಚಿಕಿ.”

ಹಾಗೆ ನಾನು ಅಂಗಡಿಗೆ ಹೋಗತೊಡಗಿದೆ.

ಕೆಲಸ ಇಷ್ಟೇ: ಒಂದೊಂದೇ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಅದರ ಹಾಡುಗಳನ್ನು ಒಳಗೆ ತೆಗೆದುಕೊಳ್ಳುವುದು. ಮಾವ ಅದಕ್ಕೆ ‘ಇಳಿಸೋದು’ ಅನ್ನುತ್ತಿದ್ದರು, ಮಾಳಿಗೆಯಿಂದ ಚೀಲ ಇಳಿಸಿದ ಹಾಗೆ. ಒಂದು ಸಿಡಿ ಇಳಿಯಲು ಏಳೆಂಟು ನಿಮಿಷ ಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಮಾವ ಹಳೆಯ ಧೋತರದ ತುಂಡಿನಿಂದ ಸಿಡಿಯನ್ನು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸಿ ನನ್ನ ಕೈಗೆ ಕೊಡುವರು. ಒಮ್ಮೆಯೂ ಸುತ್ತ ತಿರುಗಿಸಿ ಒರೆಸಿದ್ದನ್ನು ನಾನು ನೋಡಲಿಲ್ಲ.

ಇಳಿದ ಹಾಡುಗಳಿಗೆ ಹೆಸರೇ ಇರುತ್ತಿರಲಿಲ್ಲ. ಪ್ರತಿ ಸಿಡಿಯಲ್ಲೂ ಅದೇ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ಅಂಗಡಿಯಲ್ಲಿ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ಹೊದಿಕೆಯ ಕಾಗದ ನೋಡಿ ನಾನೇ ಟೈಪ್ ಮಾಡಬೇಕು. ಕನ್ನಡದಲ್ಲಿ ಬರೆದರೆ ಪ್ಲೇಯರುಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು, ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು. ಅದರಲ್ಲಿ ಬಾಲೆಯೂ ಬಾಳೆಯೂ ಒಂದೇ. ಕರೆ, ಕಾರೆ ಯಾವುದು ಯಾವುದೋ. ನಾನು ಒಂದು ದಿನ ಎರಡು ‘ಎ’ ಹಾಕಿ ಬರೆದದ್ದನ್ನು ಮರುದಿನ ಒಂದೇ ‘ಎ’ ಹಾಕಿ ಹುಡುಕಿ, ಇಲ್ಲ ಎಂದು ಗಾಬರಿಯಾಗುತ್ತಿದ್ದೆ.

ಇನ್ನೊಂದು ತೊಡಕು ಅಂಕಿಯದು. ಒಂದು, ಎರಡು ಎಂದು ಅಂಕಿ ಹಾಕಿದರೆ ಕಂಪ್ಯೂಟರು ಒಂದಾದ ಮೇಲೆ ಹತ್ತನ್ನು ತಂದು ಕೂರಿಸುತ್ತಿತ್ತು, ಆಮೇಲೆ ಹನ್ನೊಂದು, ಆಮೇಲೆ ಎಲ್ಲೋ ಎರಡು. ನಾನು ಒಂದರ ಹಿಂದೆ ಸೊನ್ನೆ ಹಾಕಿ ಸರಿಮಾಡಿದ್ದನ್ನು ಮಾವ ಕುರ್ಚಿ ಹತ್ತಿರ ಎಳೆದುಕೊಂಡು ನೋಡಿದರು.

“ಹಂಗಾರ ನೂರು ಹಾಡು ಇದ್ರ ಎರಡು ಸೊನ್ನಿ ಬೇಕಲ್ಲ?” ಅಂದರು.

“ಹೌದ್ರಿ ಮಾವ.”

“ಬುದ್ಧಿ ಇಲ್ಲ ಇದಕ್ಕ. ಎಣಿಸಾಕ ಬರಂಗಿಲ್ಲ, ಬರೀ ಮುಖ ನೋಡ್ತೈತಿ,” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೆಯದೋ ನಾಲ್ಕನೆಯದೋ ಸಿಡಿಯ ಹೊತ್ತಿಗೆ, ಇವುಗಳನ್ನು ಯಾವ ಫೋಲ್ಡರಿಗೆ ಹಾಕಲಿ ಎಂದು ಕೇಳಿದೆ. ಫೋಲ್ಡರ್ ಅಂದರೇನು ಅಂದರು. “ಗೂಡು ಇದ್ದಂಗ್ರಿ. ಒಂದು ತರದ್ದೆಲ್ಲಾ ಒಂದು ಗೂಡಿನಾಗ.” ಅವರು ಸಿಡಿಯ ಹೊದಿಕೆಯನ್ನು ಕಣ್ಣಿನಿಂದ ದೂರ ಹಿಡಿದು ಓದಿ, ಸ್ವಲ್ಪವೂ ತಡವರಿಸದೆ ಹೇಳಿದರು:

“ಇದರಾಗಿಂದು ಮೂರನೇದು ಹೊಳಲು ಮೇಷ್ಟ್ರಿಗೆ. ಐದು, ಆರು ಹಡಗಲಿ ಬಸ್ಸಿನ ಡ್ರೈವರಿಗೆ. ಎಂಟನೇದು ಚಿಗಟೇರಿ ಗಿರಣಿಯವರಿಗೆ. ಐದನೇದು ಕೂಡ್ಲಿಗಿ ಸಿಸ್ಟರಿಗೂ ಬೇಕು, ಅಲ್ಲೂ ಒಂದು ಇಡು.”

ಕೋರ್ಸಿನಲ್ಲಿ ಯಾರೂ ಹೀಗೆ ಕಲಿಸಿರಲಿಲ್ಲ. ಆದರೆ ಮಾವ ನನ್ನ ಜೊತೆ ಅಷ್ಟು ಉದ್ದದ ಮಾತು ಆಡಿದ್ದೇ ಅದು ಮೊದಲ ಸಲ. ಹೇಳಿದ ಹಾಗೆ ಮಾಡಿದೆ. ಒಂದೊಂದು ಮನುಷ್ಯರಿಗೆ ಒಂದೊಂದು ಫೋಲ್ಡರು. ಒಂದೇ ಹಾಡು ಐದು ಜನರಿಗೆ ಬೇಕಿದ್ದರೆ ಐದು ಕಡೆ ನಕಲು. ಕೆಲವು ಪ್ಲೇಯರುಗಳಲ್ಲಿ ಹೆಸರಿನ ಮೊದಲ ಎಂಟು ಅಕ್ಷರ ಮಾತ್ರ ಕಾಣುತ್ತಿದ್ದವು, ಹಾಗಾಗಿ ಚಿಗಟೇರಿ ಗಿರಣಿಯವರು ‘ಚಿಗಟೇರ್’ ಎಂದಷ್ಟೇ ಆಗಿ ನಿಲ್ಲುತ್ತಿದ್ದರು. “ಇರ್ಲಿ ಬಿಡು, ನಮಗ ಗೊತ್ತೈತಲ್ಲ,” ಅನ್ನುವರು ಮಾವ.

ಒಂದು ಸಿಡಿ ಇಳಿಯುವ ಏಳೆಂಟು ನಿಮಿಷದಲ್ಲಿ ಒಬ್ಬೊಬ್ಬರ ಸುದ್ದಿ ಹೇಳತೊಡಗಿದರು. ಹೊಳಲು ಮೇಷ್ಟ್ರು ಕ್ಯಾಸೆಟ್ಟಿನ ಎರಡೂ ಬದಿಗೆ ಅವೇ ಹಾಡು ತುಂಬಿಸಿಕೊಳ್ಳುತ್ತಿದ್ದರಂತೆ, ತಿರುವಿ ಹಾಕಿದರೆ ಸಾಕು, ಹಿಂದಕ್ಕೆ ಸುತ್ತುವ ಕಷ್ಟವಿಲ್ಲ ಎಂದು. ಕೂಡ್ಲಿಗಿಯ ಸಿಸ್ಟರು ಆಸ್ಪತ್ರೆಯಲ್ಲಿ ನರ್ಸು. ‘ಅಳೋ ಹಾಡು ಒಂದೂ ಬ್ಯಾಡ ಅಣ್ಣಾರ, ಅಳೋದು ದಿನಾ ಕೇಳ್ತೀನಿ’ ಎಂದು ಚೀಟಿಯ ಮೇಲ್ಗಡೆಯೇ ಬರೆದುಕೊಟ್ಟಿದ್ದರಂತೆ. ಡ್ರೈವರು ಮಾತ್ರ ಮಧ್ಯಾಹ್ನದ ಟ್ರಿಪ್ಪಿಗೆ ಬೇರೆ ಕ್ಯಾಸೆಟ್ ಬೇಕು ಅನ್ನುವರು, ಊಟವಾದ ಮೇಲೆ ಮೆಲ್ಲನೆಯ ಹಾಡು ಬಂದರೆ ಕಣ್ಣು ಎಳೆಯುತ್ತದೆ ಎಂದು. ಈ ಚೀಟಿಗಳಲ್ಲಿ ಒಂದನ್ನೂ ಮಾವ ಎತ್ತಿಟ್ಟಿರಲಿಲ್ಲ. ಎಲ್ಲ ತಲೆಯಲ್ಲೇ ಇತ್ತು. ನಾನು ಟೈಪ್ ಮಾಡುತ್ತಾ ಹೋದ ಹಾಗೆ ಅದು ತಲೆಯಿಂದ ಇಳಿದು ಕಂಪ್ಯೂಟರಿಗೆ ಬರುತ್ತಿತ್ತು.

ನಾಲ್ಕು ತಿಂಗಳಲ್ಲಿ ನಾವು ಇಬ್ಬರೂ ಸೇರಿ ಎರಡು ಗೋಡೆ ಮುಗಿಸಿದೆವು.

ಆಗ ನಮ್ಮ ಮನೆಯವರ ಗೆಳೆಯರೊಬ್ಬರು ದಾವಣಗೆರೆಯಿಂದ ಬಂದರು. ಕಂಪ್ಯೂಟರ್ ಚೆನ್ನಾಗಿ ಬಲ್ಲವರು. ಮಾವ ಆವತ್ತು ನೆಂಟರ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ. ಗೆಳೆಯರು ಅಂಗಡಿಯಲ್ಲಿ ಚಹ ಕುಡಿಯುತ್ತಾ ಪರದೆ ನೋಡಿ ಜೋರಾಗಿ ನಕ್ಕರು.

“ಏನ್ರಿ ಇದು, ರೇಷನ್ ಕಾರ್ಡಿನ ಪಟ್ಟಿ ಇದ್ದಂಗೈತಿ! ಮೇಷ್ಟ್ರು, ಡ್ರೈವರು, ಸಿಸ್ಟರು! ಒಂದೇ ಹಾಡು ಒಂಬತ್ತು ಕಡೆ ಐತಿ ನೋಡ್ರಿ. ಇದಕ್ಕೇ ನಿಮ್ಮ ಡಿಸ್ಕ್ ತುಂಬಿರೋದು.”

ಡಿಸ್ಕ್ ತುಂಬುತ್ತಾ ಬಂದಿದ್ದು ನಿಜ. ಆದರೆ ನನ್ನನ್ನು ಚುಚ್ಚಿದ್ದು ಆ ನಗು. ಕೋರ್ಸು ಮಾಡಿದವಳು ಇಷ್ಟೂ ತಿಳಿಯದವಳ ಹಾಗೆ ಕೆಲಸ ಮಾಡಿದ್ದೇನಲ್ಲ ಎಂದು ಮುಖ ಬಿಸಿಯಾಯಿತು. ಅವರು ಹೋದ ಮೇಲೆ ಎರಡು ದಿನ ಕೂತು ಎಲ್ಲವನ್ನೂ ಬದಲಿಸಿದೆ. ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆ, ಜಾನಪದ ಎಂದು ನಾಲ್ಕು ದೊಡ್ಡ ಫೋಲ್ಡರು. ಅದರೊಳಗೆ ಇಸವಿ, ಅದರೊಳಗೆ ಒಂದೊಂದು ಸಿಡಿ. ಹಾಡಿನ ಹೆಸರಿನ ಮೊದಲ ಅಕ್ಷರ ಎಲ್ಲಾ ಕಡೆ ದೊಡ್ಡದು, ಪದಗಳ ನಡುವೆ ಒಂದೇ ಅಡ್ಡಗೆರೆ. ಒಂದು ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಲ್ಲಿ, ಎರಡೆರಡು ಸಲ ಇರುವ ಫೈಲುಗಳನ್ನು ಹುಡುಕಿ ಅಳಿಸುವ ಸಣ್ಣದೊಂದು ಸಾಫ್ಟ್‌ವೇರ್ ಇತ್ತು. ಅದನ್ನು ಓಡಿಸಿದೆ. ಸಾವಿರಾರು ನಕಲುಗಳು ಹೋದವು. ಖಾಲಿಯಾದ ಫೋಲ್ಡರುಗಳನ್ನು ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಅರ್ಧ ಡಿಸ್ಕ್ ಖಾಲಿಯಾಯಿತು. ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಯ ಕಪಾಟಿನ ಹಾಗೆ ಕಂಡಿತು. ನನಗೆ ಬಹಳ ಹೆಮ್ಮೆ.

ಮಾವ ಬಂದಾಗ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಚಂದ ಐತಿ,” ಅಂದರು. ಆಮೇಲೆ ಕೇಳಿದರು, “ಮೇಷ್ಟ್ರು ಎಲ್ಲಿ ಹೋದ್ರು?”

“ಎಲ್ಲಾ ಹಾಡೂ ಇದರಾಗ ಅದಾವ್ರಿ ಮಾವ. ಹೆಸರು ಹೊಡದ್ರ ಸಾಕು, ಸಿಗ್ತಾವ.”

“ಹೌದಾ,” ಎಂದು ಒಂದು ಸಿಡಿ ಎತ್ತಿಕೊಂಡು ಒರೆಸತೊಡಗಿದರು.

ಅದರ ಮುಂದಿನ ದಿನಗಳಲ್ಲಿ ಸಿಡಿ ಇಳಿಯುವಾಗ ಮಾವ ಯಾರ ಸುದ್ದಿಯನ್ನೂ ಹೇಳಲಿಲ್ಲ. ನಾನು ಇಸವಿ ಕೇಳಿದರೆ ಇಸವಿ ಹೇಳುವರು. ಅಷ್ಟೇ. ಪ್ರಯಾಣದ ಆಯಾಸ ಇರಬೇಕು ಅಂದುಕೊಂಡೆ.

ಹದಿನೈದು ದಿನ ಕಳೆದಿರಬಹುದು. ಸಂತೆಯ ದಿನ ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ನಲವತ್ತೈದರ ಆಸುಪಾಸು. ಕಿವಿಯ ಹಿಂದೆ, ಹುಬ್ಬಿನಲ್ಲಿ ಹಿಟ್ಟಿನ ಬಿಳುಪು ಹಾಗೇ ಉಳಿದಿತ್ತು.

“ಅಣ್ಣಾರ, ನಮ್ಮ ಯಜಮಾನ್ರು ನಿಮ್ಮ ಅಂಗಡ್ಯಾಗ ಹಾಡು ತುಂಬಿಸ್ಕೊಂಡು ಬರ್ತಿದ್ರು. ಚಿಗಟೇರಿಯಿಂದ. ಹಿಟ್ಟಿನ ಗಿರಣಿ,” ಅಂದರು.

ಮಾವ ಎದ್ದು ನಿಂತರು. “ಹೌದ್ರಿ ತಂಗಿ, ಬರ್ರಿ, ಕುಂದರ್ರಿ. ಬಾಳ ದಿನ ಆತು, ಈ ಕಡೆ ಬಂದೇ ಇಲ್ಲ. ಹೆಂಗದಾರ?”

“ಹೋದ್ರು ಅಣ್ಣಾರ. ಉಗಾದಿ ಮುಂದ.”

ಮಾವ ಮೆಲ್ಲಗೆ ಕುರ್ಚಿಗೆ ಕೂತರು. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಕ್ಯಾಸೆಟ್ ತೆಗೆದರು. ಟೇಪು ಹೊರಗೆ ಬಂದು ಸುಕ್ಕಾಗಿ ಎರಡು ಕಡೆ ಹರಿದಿತ್ತು, ಒಳಗೆಲ್ಲ ಹಿಟ್ಟು.

“ಹಿಟ್ಟು ಕುಡದು ಕುಡದು ಸತ್ತೈತ್ರಿ ಇದು. ಕರೆಂಟ್ ಹೋದಾಗ ಅವರು ಇದನ್ನ ಹಚ್ಚೋರು. ಬೀಸಾಕ ಬಂದ ಹೆಣ್ಮಕ್ಳು ಸುಮ್ನ ಕುಂದರ್ತಾರ ಅಂತ, ಬ್ಯಾಟ್ರಿ ಮ್ಯಾಲೆ. ಈಗ ಗಿರಣಿ ನಾನ ನಡಸ್ತೀನಿ. ಕರೆಂಟ್ ಹೋದ್ರ ಗಿರಣಿ ಭಣಭಣ ಅಂತೈತ್ರಿ. ನಮ್ಮಣ್ಣ ಒಂದು ಹೊಸಾ ಸೆಟ್ ಕೊಟ್ಟಾನ, ಅದಕ್ಕ ಸಿಡಿ ಬೇಕಂತ. ಇವ ಹಾಡು ಬೇಕ್ರಿ. ಹೆಸರು ನನಗ ಗೊತ್ತಿಲ್ಲ. ಇದರಾಗ ಹೆಂಗ್ ಇದ್ವು, ಹಂಗ.”

ಮಾವ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, ಇದು ಇನ್ನು ನುಡಿಯುವುದಿಲ್ಲ ಎಂದು ತಲೆಯಾಡಿಸಿದರು. ಆದರೆ ಮುಖದಲ್ಲಿ ಚಿಂತೆ ಇರಲಿಲ್ಲ. ನನ್ನ ಕಡೆ ತಿರುಗಿ, “ಅವ್ವಾ, ಗಿರಣಿಯವರ ಗೂಡು ತೆಗಿ,” ಅಂದರು. ಹಳೆಯ ಅಭ್ಯಾಸದಲ್ಲಿ ಅಂದದ್ದು. ಅಂದ ಮರುಗಳಿಗೆಯಲ್ಲೇ ಅವರಿಗೂ ನೆನಪಾಗಿರಬೇಕು.

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು. ಹಾಡುಗಳೆಲ್ಲ ಡಿಸ್ಕಿನಲ್ಲಿ ಇದ್ದವು, ಒಂದೂ ಕಳೆದಿರಲಿಲ್ಲ. ಅವುಗಳಲ್ಲಿ ಗಿರಣಿಯವರವು ಯಾವುವು ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

“ಮಾವ, ಅದು ಇಲ್ರಿ. ನಾನ ಅಳಿಸೀನಿ,” ಅಂದೆ.

ಮಾವ ಆಕೆಯ ಕಡೆ ತಿರುಗಿದರು. “ಸ್ವಲ್ಪ ಕೆಲಸ ಐತ್ರಿ ತಂಗಿ. ಮುಂದಿನ ಸಂತಿಗೆ ಬರ್ರಿ. ನಾವು ಮಾಡಿ ಇಟ್ಟಿರ್ತೀವಿ.”

‘ಇಟ್ಟಿರ್ತೀನಿ’ ಅನ್ನಲಿಲ್ಲ, ‘ನಾವು ಇಟ್ಟಿರ್ತೀವಿ’ ಅಂದರು. ಆಕೆ ಮೆಟ್ಟಿಲಿಳಿದು ಹೋದ ಮೇಲೆ ನಾನು ಪರದೆಯ ಹಿಂದೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

“ಅಳಬ್ಯಾಡ,” ಅಂದರು ಮಾವ. “ನೀನು ಕಸ ಅಂತ ಹೊಡದಿ. ಕಸ ಅಲ್ಲ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ನಂದೂ ತಪ್ಪೈತಿ. ಕಾಗದ ತಗೋ, ಬರಕೋ.”

ಕಣ್ಣು ಮುಚ್ಚಿಕೊಂಡು ಕೂತರು. ಬೆರಳುಗಳು ಮೇಜಿನ ಮೇಲೆ ಹಳೆಯ ಟೇಪ್‌ರೆಕಾರ್ಡರಿನ ಗುಂಡಿ ಒತ್ತುವ ಹಾಗೆ ಆಡುತ್ತಿದ್ದವು. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು ಹದಿನಾಲ್ಕು ಹಾಡು. ಮೊದಲ ಬದಿ ಪೂರ್ತಿ ಸಿಕ್ಕಿತು. ಎರಡನೆಯ ಬದಿಯಲ್ಲಿ ಮೂರಾದ ಮೇಲೆ ನಿಂತರು. ಮರುದಿನ ಬೆಳಿಗ್ಗೆ ಮತ್ತೆ ಕೂತರು. ಸಿಗಲಿಲ್ಲ. “ವಯಸ್ಸಾತು,” ಎಂದು ಎದ್ದು ಹೋಗಿ ಬಾಗಿಲಲ್ಲಿ ನಿಂತು, ಓಣಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತ ಗಾಡಿಗಳನ್ನು ನೋಡತೊಡಗಿದರು. ಅವರ ಆ ಬೆನ್ನು ನೋಡಲು ನನಗೆ ಆಗಲಿಲ್ಲ.

“ನಾನು ಚಿಗಟೇರಿಗೆ ಹೋಗಿ ಕೇಳ್ಕೊಂಡು ಬರ್ತೀನ್ರಿ ಮಾವ,” ಅಂದೆ.

ಹೊಸ ಸೊಸೆ ಒಬ್ಬಳೇ ಹೇಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದರು. “ನಾನೂ ಬರ್ತೀನಿ. ಹೆಂಗೂ ಜ್ವಾಳ ಬೀಸಿಸೋದೈತಿ.” ನಮ್ಮ ಮನೆಯ ಎದುರಿನ ಓಣಿಯಲ್ಲೇ ಗಿರಣಿ ಇದ್ದರೂ ಅತ್ತೆ ಐದು ಸೇರು ಜೋಳದ ಚೀಲ ಕಟ್ಟಿಕೊಂಡು ನನ್ನ ಜೊತೆ ಚಿಗಟೇರಿ ಬಸ್ಸು ಹತ್ತಿದರು.

ನಾವು ಹೋದಾಗ ಗಿರಣಿ ಭರದಿಂದ ನಡೆದಿತ್ತು. ಗೋಡೆಯುದ್ದಕ್ಕೂ ಡಬ್ಬಿಗಳ ಸಾಲು, ಅದರ ಪಕ್ಕ ಹತ್ತು ಹನ್ನೆರಡು ಹೆಂಗಸರು. ಮಾತಾಡಿದರೆ ಕೇಳಿಸುವ ಹಾಗಿರಲಿಲ್ಲ. ಗಿರಣಿಯಮ್ಮ ಕೈ ಸನ್ನೆಯಲ್ಲೇ ಕೂರಲು ಹೇಳಿದರು. ಅರ್ಧ ಗಂಟೆ ಕಾದ ಮೇಲೆ, ಪುಣ್ಯಕ್ಕೆ, ಕರೆಂಟ್ ಹೋಯಿತು. ಗಿರಣಿಯ ಬೆಲ್ಟು ಪಟಪಟ ಬಡಿಯುತ್ತಾ ನಿಧಾನವಾಗಿ, ಇನ್ನೂ ನಿಧಾನವಾಗಿ ನಿಂತಿತು. ಗಾಳಿಯಲ್ಲಿದ್ದ ಹಿಟ್ಟು ಕೆಳಗೆ ಇಳಿಯತೊಡಗಿತು.

“ಈಗ ಹಚ್ಚೋರು ನೋಡ್ರಿ,” ಅಂದರು ಗಿರಣಿಯಮ್ಮ.

ನಾನು ಬಂದ ಕಾರಣ ಹೇಳಿ, ನನ್ನ ಬಳಿ ಇದ್ದ ಹತ್ತು ಹಾಡುಗಳನ್ನು ಓದಿದೆ. ಹೆಸರಿನಿಂದ ಯಾರಿಗೂ ಗೊತ್ತಾಗಲಿಲ್ಲ. ಹೆದರುತ್ತಲೇ ಹತ್ತನೆಯದರ ಒಂದು ಸಾಲು ಹಾಡಿದೆ. ಕಂಬಳಿ ಹೊದ್ದು ಕೂತಿದ್ದ, ಕುರಿ ಸಾಕುವವರ ಮನೆಯ ಅಜ್ಜಿಯೊಬ್ಬರು ತಕ್ಷಣ ಹೇಳಿದರು:

“ಅದರ ಮುಂದ ತೊಟ್ಟಿಲದ್ದು.”

“ಅಲ್ಲಬೇ, ತೊಟ್ಟಿಲದ್ದು ಆಮ್ಯಾಲೆ. ಮೊದಲು ಕೊಳಲು ಊದ್ತಾನಲ್ಲ, ಅದು,” ಅಂದಳು ಪಕ್ಕದವಳು.

“ಕೊಳಲಿಂದು ಬರೋದ್ರಾಗ ಕರೆಂಟ್ ಬಂದ್ರ ನನಗ ಬ್ಯಾಸರಾಗೋದು,” ಅಂದಳು ಇನ್ನೊಬ್ಬಳು.

“ಯಾಕ ಬ್ಯಾಸರ? ಕರೆಂಟ್ ಬಂದ್ರೂ ಹಾಡು ಮುಗಿಯೋ ತನಕ ಗಿರಣಿ ಹಚ್ಚತಿರಲಿಲ್ಲ ಆತ,” ಅಂದರು ಅಜ್ಜಿ.

ಹಾಗೆ ಒಬ್ಬೊಬ್ಬರು ಒಂದೊಂದು ತುಣುಕು ಕೊಟ್ಟರು. ಒಬ್ಬಳಿಗೆ ಪದ ಗೊತ್ತು, ರಾಗ ತಪ್ಪು. ಇನ್ನೊಬ್ಬಳಿಗೆ ಬರೀ ಕೊಳಲು ಗೊತ್ತು. ಹನ್ನೆರಡನೆಯದರ ಬಗ್ಗೆ ಜಗಳವೇ ಆಯಿತು. ಕೊನೆಗೆ ಎಲ್ಲರೂ ಮೊದಲಿನಿಂದ ಮೆಲ್ಲಗೆ ಗುನುಗುತ್ತಾ ಬಂದು ನೋಡಿದರೆ ಅದು ತಾನಾಗಿಯೇ ತನ್ನ ಜಾಗದಲ್ಲಿ ಬಂತು. ಗಿರಣಿಯಮ್ಮ ಮಾತ್ರ ಹಾಡಲಿಲ್ಲ. ಗಾಲಿಗೆ ಒರಗಿ ನಿಂತು ಕೇಳುತ್ತಿದ್ದರು. ನಾನು ಹದಿನಾಲ್ಕೂ ಬರೆದುಕೊಂಡು ಕಾಗದ ಮಡಚುವಾಗ ಅಜ್ಜಿ ತಡೆದರು.

“ಇನ್ನೂ ಒಂದೈತಿ. ಕೊನಿಗೆ ಒಬ್ಬ ಮನುಷ್ಯ ಮಾತಾಡ್ತಾನ.”

“ಏನಂತಾನ?” ಅಂದೆ.

ಅಷ್ಟೂ ಹೆಂಗಸರು ಒಟ್ಟಿಗೆ, ಗಂಡು ದನಿ ಮಾಡಿ ಹೇಳಿದರು: “ಮುಗೀತ್ರಿ. ತಿರುವಿ ಹಾಕ್ರಿ.”

ಅತ್ತೆ ಬಾಯಿಗೆ ಸೆರಗು ಹಿಡಿದರು. “ಅಯ್ಯ ಶಿವನೇ! ಅದು ನಮ್ಮನಿ ದನಿ!”

ಅಂಗಡಿ ಹಾಕಿದ ಹೊಸತರಲ್ಲಿ, ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಟೇಪನ್ನು ಕೇಳಿ ಜನ ಕ್ಯಾಸೆಟ್ ಕೆಟ್ಟಿದೆ ಎಂದು ವಾಪಸ್ಸು ತರುತ್ತಿದ್ದರಂತೆ. ಅದಕ್ಕೆ ಮಾವ ಪ್ರತಿ ಬದಿಯ ಕೊನೆಗೆ ತಾವೇ ಎರಡು ಮಾತು ಹೇಳಿ ತುಂಬಿಸುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. ಆದರೆ ಆ ದನಿ ಇಷ್ಟು ವರ್ಷ ಚಿಗಟೇರಿಯ ಗಿರಣಿಯಲ್ಲಿ ನುಡಿಯುತ್ತಿದೆ ಎಂದು ಗೊತ್ತಿರಲಿಲ್ಲ. ಹೆಂಗಸರೆಲ್ಲ ಆ ದನಿಯ ಹೆಂಡತಿಯನ್ನು ನೋಡಲು ಹತ್ತಿರ ಬಂದರು. ಅತ್ತೆ ಮದುಮಗಳ ಹಾಗೆ ಕೆಂಪಗಾದರು.

“ನಮ್ಮವರು ದಿನಾ ಅದಕ್ಕ ಜವಾಬು ಕೊಡೋರ್ರಿ,” ಅಂದರು ಗಿರಣಿಯಮ್ಮ. “‘ಆಗ್ಲಪ್ಪ, ಹಾಕ್ತೀನಿ’ ಅನ್ನೋರು. ಅಂದೇ ತಿರುವೋರು.”

ಊರಿಗೆ ಬಂದು ಹೇಳಿದಾಗ ಮಾವ ನಂಬಲಿಲ್ಲ. ಆಮೇಲೆ ನಾಚಿಕೊಂಡರು. ಹಾಡುಗಳನ್ನು ಹುಡುಕುವ ಕೆಲಸ ಮಾತ್ರ ಬಿಡಲಿಲ್ಲ. ಕೊಳಲಿನ ಹಾಡಿಗೆ ಹೆಸರಿರಲಿಲ್ಲ. ನಾನು ಗುನುಗಿದ ರಾಗ ಎಷ್ಟು ಸರಿಯೋ ತಪ್ಪೋ. ಎರಡು ದಿನ ಒಂದೊಂದೇ ಹಾಡಿನ ಆರಂಭ ಕೇಳುತ್ತಾ ಹೋದೆವು. ಕೊನೆಗೆ ಒಂದು ಹಾಡು ಶುರುವಾದ ಗಳಿಗೆಗೇ ಮಾವ ಕೈ ಎತ್ತಿದರು. “ಇದ.” ಅದನ್ನು ನಾನು ಭಾವಗೀತೆಗಳ ಫೋಲ್ಡರಿನಲ್ಲಿ, ತಪ್ಪು ಇಸವಿಯೊಳಗೆ, ತಪ್ಪು ಅಕ್ಷರದಲ್ಲಿ ಇಟ್ಟಿದ್ದೆ.

ಇನ್ನು ಮಾವನ ಮಾತು. ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ಎದುರಿಗಿಟ್ಟೆ.

“ಸಿಡ್ಯಾಗ ತಿರುವಿ ಹಾಕಾಕ ಏನೈತವ್ವ? ನಗ್ತಾರ ಮಂದಿ.”

“ಅವರಿಗೆ ಹಂಗ ಬೇಕ್ರಿ ಮಾವ. ಅದರಾಗ ಹೆಂಗಿತ್ತು, ಹಂಗ.”

ಮೊದಲ ಸಲ ಕೆಮ್ಮು ಬಂತು. ಎರಡನೆಯ ಸಲ ಬಹಳ ಜೋರಾಯಿತು. ಮೂರನೆಯ ಸಲ ಊಟದ ಬುತ್ತಿ ತಂದಿದ್ದ ಅತ್ತೆ ನಕ್ಕರು, ಆ ನಗುವೂ ಸೇರಿಕೊಂಡಿತು. ಅತ್ತೆಯನ್ನು ಹೊರಗೆ ಕಳಿಸಿ, ಅರ್ಧ ಬಾಗಿಲು ಎಳೆದು ಮತ್ತೆ ಹೇಳಿಸಿದೆ. ಅದನ್ನು ಒಂದು ಸಲ ಮೊದಲ ಏಳು ಹಾಡುಗಳ ನಂತರ ಎಂಟನೆಯದಾಗಿ ಇಟ್ಟೆ. ಹಾಗೆ ಇಟ್ಟಾಗ ಆಮೇಲಿನ ಏಳಕ್ಕೂ ಅಂಕಿ ಬದಲಿಸಬೇಕಾಯಿತು, ಎಂಟು ಒಂಬತ್ತಾಗಿ, ಒಂಬತ್ತು ಹತ್ತಾಗಿ. ಇನ್ನೊಂದು ಸಲ ಕೊನೆಗೆ, ಹದಿನಾರನೆಯದಾಗಿ. ಫೋಲ್ಡರಿಗೆ ಮೊದಲಿನದೇ ಹೆಸರು ಕೊಟ್ಟೆ.

ಸಂತೆಯ ದಿನ ಗಿರಣಿಯಮ್ಮ ಬಂದರು. ಸಿಡಿ ಹಾಕಿ ಒಂದೊಂದು ಹಾಡಿನ ತುಣುಕು ಕೇಳಿಸಿ, ಸರಿ ಇದೆಯೇ ನೋಡಿ ಎಂದೆ. ಅವರು, “ಪೂರ್ತಿ ಬಿಡವ್ವ, ನನಗೇನು ಅವಸರ ಇಲ್ಲ,” ಎಂದು ಸಂತೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತರು. ಏಳು ಹಾಡೂ ಒಂದೊಂದಾಗಿ ಮುಗಿದವು. ಆಮೇಲೆ ಮಾವನ ದನಿ ಬಂತು: “ಮುಗೀತ್ರಿ. ತಿರುವಿ ಹಾಕ್ರಿ.”

ಗಿರಣಿಯಮ್ಮ ಕೆಳಗೆ ನೋಡುತ್ತಾ, ತಮಗೆ ತಾವೇ ಎಂಬಷ್ಟು ಮೆಲ್ಲಗೆ, “ಆಗ್ಲಪ್ಪ, ಹಾಕ್ತೀನಿ,” ಅಂದರು.

ಮಾವ ಎದ್ದು ಗೋಡೆಯ ಕಡೆ ಮುಖ ಮಾಡಿ, ಸರಿಯಾಗಿಯೇ ಇದ್ದ ಸಿಡಿಗಳನ್ನು ಮತ್ತೆ ಸರಿಮಾಡತೊಡಗಿದರು. ನಾನು ಪರದೆಯ ಕಡೆಯೇ ನೋಡುತ್ತಿದ್ದೆ. ಒಂಬತ್ತನೆಯದು ಶುರುವಾಯಿತು.

ಹೋಗುವಾಗ ಆಕೆ ಚೀಲದಿಂದ ಜೋಳದ ಹಿಟ್ಟಿನ ಗಂಟು ತೆಗೆದು ಮೇಜಿನ ಮೇಲೆ ಇಟ್ಟರು. ಬೇಡ ಅನ್ನಲು ಮಾವ ಬಾಯಿ ತೆರೆದರೆ, “ನಿಮ್ಮನಿ ಅಕ್ಕಾರಿಗೆ ಕೊಡ್ರಿ, ಅವರು ಬಂದಾಗ ಕರೆಂಟ್ ಹೋಗಿ ಬಂದು ಮಾಡ್ತಿತ್ತು, ಹಿಟ್ಟು ದಪ್ಪಗೆ ಬಿದ್ದಿತ್ತು,” ಅಂದರು. ಆವತ್ತು ಮಧ್ಯಾಹ್ನದ ರೊಟ್ಟಿ ಅದೇ ಹಿಟ್ಟಿನದು. ಮಾವ ಎರಡು ಹೆಚ್ಚಿಗೆ ತಿಂದರು. ತಟ್ಟೆಯ ಮುಂದೆ ಕೂತು ನನ್ನನ್ನೇ ಕೇಳಿದರು, “ನೀನು ಕೊಟ್ಟೂರಾಗ ಏನ್ ಹಾಡು ಕೇಳ್ತಿದ್ದಿ?” ಮದುವೆಯಾಗಿ ಒಂದು ವರ್ಷದ ಮೇಲೆ ಆ ಮನೆಯಲ್ಲಿ ನನ್ನನ್ನು ಯಾರೋ ಅದನ್ನು ಕೇಳಿದ್ದರು. ನಾನು ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

ಅಲ್ಲಿಂದ ಮುಂದೆ ಆ ವರ್ಷವೆಲ್ಲ ಕೂತು ಉಳಿದವರ ಫೋಲ್ಡರುಗಳನ್ನು ಮತ್ತೆ ಕಟ್ಟಿದೆವು. ಡಿಸ್ಕ್ ತುಂಬದ ಹಾಗೆ ಒಂದು ದಾರಿಯೂ ಆಮೇಲೆ ಸಿಕ್ಕಿತು. ಹಾಡನ್ನು ನಕಲು ಮಾಡದೆ, ಯಾವ ಹಾಡು ಯಾವ ಕ್ರಮದಲ್ಲಿ ಎಂದು ಸಣ್ಣ ಪಟ್ಟಿ ಮಾತ್ರ ಬರೆದಿಡುವುದು. ಹಾಡು ತನ್ನ ಜಾಗದಲ್ಲಿ ಇಸವಿಯೊಳಗೇ ಇರುತ್ತದೆ, ಪಟ್ಟಿ ಮನುಷ್ಯರ ಹೆಸರಿನಲ್ಲಿರುತ್ತದೆ. ನನ್ನ ಅಚ್ಚುಕಟ್ಟೂ ಉಳಿಯಿತು, ಮಾವನ ಜನವೂ ವಾಪಸ್ಸು ಬಂದರು. ಅಂಗಡಿಗೆ ಬಂದ ಹಳೆಯ ಗಿರಾಕಿಗಳನ್ನು ಹಿಡಿದು ಕೂರಿಸಿ ನಾನೇ ಕೇಳುತ್ತಿದ್ದೆ, ನಿಮ್ಮವು ಯಾವುವು ಹೇಳ್ರಿ ಎಂದು. ಮೊದಲು ನಗುವರು, ಆಮೇಲೆ ಗಂಭೀರವಾಗಿ ಯೋಚಿಸಿ ಹೇಳುವರು.

ಐದು ಜನರ ಹಾಡುಗಳು ಮಾತ್ರ ಮಾವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಒಬ್ಬ ಬಳೆಗಾರ, ಕೂಡ್ಲಿಗಿಯ ಕಡೆಯ ಒಬ್ಬ ಅರಣ್ಯ ಕಾವಲುಗಾರ, ಹೊಲಿಗೆ ಕಲಿಸುತ್ತಿದ್ದ ಒಬ್ಬರು ಟೀಚರು, ಇನ್ನಿಬ್ಬರು. ಅವರ ಹೆಸರಿನಲ್ಲಿ ಖಾಲಿ ಫೋಲ್ಡರು ಯಾಕೆ ಎಂದು ನಾನು ಅಳಿಸಲು ಹೋದಾಗ ಮಾವ ಬೇಡ ಅಂದರು.

“ಜಾಗ ಏನರ ತಿಂತಾವೇನು?”

“ಇಲ್ರಿ. ಖಾಲಿ ಇದ್ರ ಏನೂ ತಿನ್ನಂಗಿಲ್ಲ.”

“ಹಂಗಾರ ಇರ್ಲಿ. ಬಂದು ಕೇಳಿದ್ರ?”

ಐವರಲ್ಲಿ ಇಬ್ಬರು ಬಂದರು. ಬಳೆಗಾರರು ಮುಂದಿನ ವರ್ಷ ಬಂದರು, ಟೀಚರು ಅದಾಗಿ ಎಷ್ಟೋ ದಿನಕ್ಕೆ ಮಗಳ ಜೊತೆ ಬಂದು ಕೂತು ತಮ್ಮ ಪಟ್ಟಿ ಬರೆಸಿದರು. ಆಮೇಲೆ ಮೊಬೈಲ್ ಬಂತು, ಅಂಗಡಿಯಲ್ಲಿ ಹಾಡಿಗಿಂತ ರೀಚಾರ್ಜ್ ಹೆಚ್ಚಾಯಿತು. ಮಾವ ಕುರ್ಚಿಯನ್ನು ಬಾಗಿಲ ಬಳಿ ಹಾಕಿಕೊಂಡು ಕೂರುತ್ತಿದ್ದರು. ಈಗ ಅವರಿಲ್ಲ. ಆ ಡಿಸ್ಕಿನಲ್ಲಿದ್ದುದನ್ನೆಲ್ಲ ನಾನು ಮೂರು ಸಲ ಹೊಸ ಕಂಪ್ಯೂಟರಿಗೆ ಸಾಗಿಸಿದ್ದೇನೆ. ಹಾಡುಗಳು ದಾಟಲು ಬಹಳ ಹೊತ್ತು ತೆ​ಗೆದುಕೊಳ್ಳುತ್ತವೆ. ಉಳಿದ ಮೂರು ಖಾಲಿ ಫೋಲ್ಡರುಗಳು ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತವೆ. ಪ್ರತಿ ಸಲವೂ ಅವು ಬಂದಿವೆಯೇ ಎಂದು ಮೊದಲು ನೋಡಿಕೊಳ್ಳುತ್ತೇನೆ.